ತಬ್ಬಲಿ ಮರಿಯ ಸ್ವಭಾವ

ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲೊಂದು ತಬ್ಬಲಿ ಆಡಿನ ಮರಿ ಇತ್ತು. ಈದ ದಿನವೇ ತಾಯಿ ಸತ್ತಿತ್ತು. ಅಜ್ಜಿ ಅದಕ್ಕೆ ಬಾಟಲಿಯಲ್ಲಿ ಹಾಲುಣಿಸಿ, ಒಲೆಯ ಬದಿಯ ಗೋಣಿತಟ್ಟಿನ ಮೇಲೆ ಮಲಗಿಸಿ ಸಾಕಿದರು. ನಾವು ಹುಡುಗರು ಅದರ ಹಣೆಗೆ ಅಂಗೈಯೊಡ್ಡಿ ಗುದ್ದಾಡಿಸಿ ನಗುತ್ತಿದ್ದೆವು. ಎರಡು ವರ್ಷ ತುಂಬುವುದರೊಳಗೆ ಅದು ಬಲಿತ ಹೋತವಾಗಿ, ಬಾವಿಕಟ್ಟೆಯ ಬಳಿ ಅಜ್ಜಿಯನ್ನೇ ಹಾಯ್ದು ಕೆಡವಿತು. ಮುಂದಿನ ಸಂತೆಗೆ ಅದನ್ನು ಹೊಡೆದುಕೊಂಡು ಹೋದರು. ‘ಹಾಲೆರೆದ ಕೈಯನ್ನು ಮರೆಯಿತು’ ಎಂದರು ಮನೆಯವರು. ಆ ಮಾತು ನ್ಯಾಯವಾದುದೇ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಆಡು ಈದೊಡನೆ ಮರಿಯ ಮೈ ನೆಕ್ಕುತ್ತದೆ. ನೆಕ್ಕುತ್ತಲೇ ಅದರ ವಾಸನೆಯನ್ನು ಗುರುತಿಟ್ಟುಕೊಳ್ಳುತ್ತದೆ. ಈ ನಂಟಿಗೆ ಎಷ್ಟು ಹೊತ್ತು ಬೇಕು? ಅಮೆರಿಕದ ಪೀಟರ್ ಕ್ಲಾಪ್‌ಫರ್ ಮತ್ತು ಸಂಗಡಿಗರು 1964ರಲ್ಲಿ ಪ್ರಕಟಿಸಿದ ಪ್ರಯೋಗದಂತೆ, ಐದೇ ನಿಮಿಷ ಸಾಕು. ಅಷ್ಟು ಹೊತ್ತು ಮರಿಯೊಡನಿದ್ದ ತಾಯಂದಿರು ಕೆಲವು ಗಂಟೆಗಳ ಅಗಲಿಕೆಯ ಬಳಿಕವೂ ಅದನ್ನು ಮೊಲೆಗೆ ಬಿಟ್ಟುಕೊಂಡವು. ಆ ಐದು ನಿಮಿಷ ದೊರೆಯದವುಗಳಲ್ಲಿ ಹೆಚ್ಚಿನವು ಸ್ವಂತ ಮರಿಯನ್ನೇ ದೂರ ತಳ್ಳಿದವು.

ತಾಯಿ ಸತ್ತಾಗ, ಇಲ್ಲವೆ ಮೂರು ಮರಿಗಳಿಗೆ ಹಾಲು ಸಾಲದಾದಾಗ ಬಾಟಲಿ ಅನಿವಾರ್ಯ. ಕೀಲುಬಾವು ತರುವ ಒಂದು ವೈರಾಣು ಗಿಣ್ಣುಹಾಲಿನ ಮೂಲಕವೂ ಹರಡುವುದರಿಂದ, ಹಾಲಿಗಾಗಿ ಆಡು ಸಾಕುವ ದೇಶಗಳಲ್ಲಿ ಮರಿಯನ್ನು ಹುಟ್ಟಿದೊಡನೆ ಬೇರ್ಪಡಿಸುವ ಪದ್ಧತಿಯೂ ಉಂಟು. ಹಾಗೆ ಬೆಳೆದ ಮರಿ ಮನುಷ್ಯನಿಗೆ ಅಂಜದು. ತಾಯಿಯ ಬಳಿ ಬೆಳೆದುದಾದರೋ, ಜನರ ಕೈ ಸೋಕದಿದ್ದರೆ, ಬೆದರುವ ಗುಣವನ್ನು ಉಳಿಸಿಕೊಳ್ಳುತ್ತದೆ. ಹೆಣ್ಣಾದರೆ ಈ ನಿರ್ಭಯ ಲಾಭವೇ. ಕರೆಯುವಾಗ ಸುಮ್ಮನೆ ನಿಲ್ಲುತ್ತದೆ. ತೊಡಕು ಇರುವುದು ಗಂಡಿನಲ್ಲಿ.

ಇಂಗ್ಲೆಂಡಿನ ಕೀತ್ ಕೆಂಡ್ರಿಕ್ ಮತ್ತು ಸಂಗಡಿಗರು ಆಡಿನ ಮರಿಗಳನ್ನು ಕುರಿಗೂ ಕುರಿಮರಿಗಳನ್ನು ಆಡಿಗೂ ಸಾಕಲು ಕೊಟ್ಟರು. 1998ರಲ್ಲಿ ಪ್ರಕಟವಾದ ಫಲಿತಾಂಶ ಇದು: ಬೆಳೆದ ಗಂಡುಗಳು ಸಾಕುತಾಯಿಯ ಜಾತಿಯ ಹೆಣ್ಣುಗಳನ್ನೇ ಬಯಸಿದವು, ಮೂರು ವರ್ಷ ಸ್ವಜಾತಿಯೊಡನೆ ಬಾಳಿದರೂ ಆ ಒಲವು ಅಳಿಯಲಿಲ್ಲ. ಹೆಣ್ಣುಗಳಲ್ಲಿ ಅದು ಒಂದೆರಡು ವರ್ಷಗಳಲ್ಲಿ ತಿರುಗಿಕೊಂಡಿತು. ಹಾಲೆರೆದವರು ಯಾರೋ, ಗಂಡುಮರಿಗೆ ಅವರೇ ಕುಲ.

ಹಾಗಾದರೆ ಬಾಟಲಿಯೇ ದೋಷಿಯೇ? ಹಾಗೆನ್ನಲಾಗದು. ಕೈಯಿಂದ ಹಾಲುಣಿಸಿ ಸಾಕಿದ ಹೋರಿಗಳನ್ನು ಕುರಿತ, 1990ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಂಟಿಯಾಗಿ ಬೆಳೆದವು ಮನುಷ್ಯನ ಮೇಲೆ ಹೆಚ್ಚಾಗಿ ಎರಗಲು ಬಂದವು. ಗುಂಪಿನಲ್ಲಿ ಬೆಳೆದವು ಹಾಗಲ್ಲ. ಓರಗೆಯವರೊಡನೆ ಗುದ್ದಾಡಿದ ಮರಿ ತನ್ನ ಬಲವನ್ನು ಅಳೆಯಲು ಕಲಿಯುತ್ತದೆ, ಸೋಲಲೂ ಕಲಿಯುತ್ತದೆ. ಒಂಟಿ ಮರಿಗೆ ಆ ಪಾಠ ಹೇಳುವವರಾರು?

ಆದಕಾರಣ ತಬ್ಬಲಿಗೆ ಬಾಟಲಿ ಹಿಡಿಯಬೇಕು. ಆದರೆ ಮಲಗಲು ಅದನ್ನು ಬೇರೆ ಮರಿಗಳ ನಡುವೆ ಬಿಡಬೇಕು. ಅದರ ಹಣೆಗೆ ಅಂಗೈಯೊಡ್ಡಿ ಆಡಬಾರದು. ತಳಿಗೆ ಬೇಡವಾದ ಗಂಡಿಗೆ ಕಾಲಕ್ಕೆ ಸರಿಯಾಗಿ ಬೀಜ ಒಡೆಸುವುದು ಲೇಸು.

ನಮ್ಮ ಹೋತ ಹಾಲೆರೆದ ಕೈಯನ್ನು ಮರೆತಿರಲಿಲ್ಲವೆಂದೇ ಇಂದು ನನಗೆ ತೋರುತ್ತದೆ. ಅದು ನಮ್ಮನ್ನೇ ತನ್ನ ಹಿಂಡೆಂದು ನಂಬಿತ್ತು. ಹಿಂಡಿನಲ್ಲಿ ಹೋತ ಮಾಡುವುದನ್ನೇ ಮಾಡಿತು. ನಾವು ಅದಕ್ಕೆ ಹಾಲು ಕೊಟ್ಟೆವು, ಅಕ್ಕರೆ ಕೊಟ್ಟೆವು. ಅದರ ಜಾತಿಯ ಒಂದು ಜೊತೆಯನ್ನು ಮಾತ್ರ ಕೊಡಲಿಲ್ಲ.