ಜಮೀನು ಬೇಡದ ಬೆಳೆ: ಅರೇಹಳ್ಳಿಯ ಚಿಪ್ಪಣಬೆ

ನಮ್ಮ ಬೇಲೂರು ತಾಲ್ಲೂಕಿನ ಅರೇಹಳ್ಳಿ, ಬಿಕ್ಕೋಡು ಸುತ್ತಮುತ್ತ ಬೆಳೆ ಅಂದರೆ ಕಾಫಿ, ಮೆಣಸು, ತಗ್ಗಿನ ಗದ್ದೆಯಲ್ಲಿ ಒಂದಿಷ್ಟು ಭತ್ತ. ಮೂರಕ್ಕೂ ಜಮೀನು ಬೇಕು, ಆಳು ಬೇಕು, ಆನೆ ನುಗ್ಗದ ರಾತ್ರಿಗಳು ಬೇಕು. ತೋಟದ ಕೂಲಿಗೆ ಹೋಗುವ, ಲೈನ್ ಮನೆಯಲ್ಲಿರುವ ಹೆಣ್ಣುಮಕ್ಕಳ ಪಾಲಿಗೆ ಇದರಲ್ಲಿ ಯಾವುದೂ ಇಲ್ಲ. ಮುಖ್ಯವಾಗಿ ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಹತ್ತಡಿ ಉದ್ದ ಹತ್ತಡಿ ಅಗಲದ ಒಂದು ಕೋಣೆ, ನೀರು ಕಾಯಿಸುವ ಹಂಡೆ, ನಾಲ್ಕು ಹೊರೆ ಭತ್ತದ ಹುಲ್ಲು ಇದ್ದರೆ ಸಾಕು, ಚಿಪ್ಪಣಬೆ ಬೆಳೆಯಬಹುದು. ನಮ್ಮ ಮನೆಯ ಹಿತ್ತಿಲ ಕಡೆ ಹಿಂದೆ ಕಾಫಿ ಮೂಟೆ ಜೋಡಿಸುತ್ತಿದ್ದ ಕೋಣೆಯಲ್ಲಿ ಈಗ ಇದೇ ಬೆಳೆ.

ಅಣಬೆ ನಮ್ಮ ಕಡೆಯವರಿಗೆ ಹೊಸದಲ್ಲ. ಮುಂಗಾರು ಹಿಡಿದು ಗುಡುಗಿದರೆ ಹುತ್ತದ ಸುತ್ತ, ತೋಟದ ಬದುವಿನಲ್ಲಿ ಅಣಬೆ ಹುಡುಕಿಕೊಂಡು ಹೋಗುವುದು ಮಲೆನಾಡಿನ ಹಳೇ ರೂಢಿ. ಅದಕ್ಕೇ ನಮ್ಮತ್ತೆಗೆ ಮೊದಲಿಗೆ ಇದು ಒಪ್ಪಿಗೆಯಾಗಲಿಲ್ಲ. "ಮಳೆ ಗುಡುಗಿಗೆ ಏಳೋದು ಕಣವ್ವ ಅಣಬೆ. ಚೀಲದಲ್ಲಿ ಎದ್ದಿದ್ದನ್ನ ಹೆಂಗವ್ವ ತಿನ್ನೋದು?" ಅಂದಿದ್ದರು. "ಅತ್ತೆ, ಕಾಡಿನದ್ದು ಯಾವುದು ವಿಷ ಯಾವುದು ಒಳ್ಳೇದು ಅಂತ ನೋಡಬೇಕು. ಇದರ ಬೀಜ ನಾನೇ ಹಾಕಿರೋದು, ಇದರಲ್ಲಿ ಆ ಭಯ ಇಲ್ಲ" ಅಂದೆ. ಈಗ ಕೊಯ್ಲಿನ ದಿನ ಬುಟ್ಟಿ ಹಿಡಿದು ಮೊದಲು ನಿಲ್ಲುವವರು ಅವರೇ.

ಈ ಬೆಳೆಗೂ ಕರ್ನಾಟಕಕ್ಕೂ ಹಳೆಯ ನಂಟಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ, 1917ರ ಸುಮಾರಿಗೆ, ಜರ್ಮನಿಯಲ್ಲಿ ಮರದ ಬೊಡ್ಡೆಗಳ ಮೇಲೆ ಚಿಪ್ಪಣಬೆ ಬೆಳೆಸಿ ನೋಡಿದ್ದರು. ನಮ್ಮ ದೇಶದಲ್ಲಿ ಅದನ್ನು ಭತ್ತದ ಹುಲ್ಲಿನ ಮೇಲೆ ಬೆಳೆಸುವ ದಾರಿ ತೋರಿಸಿದ್ದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ಸಿಎಫ್‌ಟಿಆರ್‌ಐ. ಅಲ್ಲಿನ ವಿಜ್ಞಾನಿಗಳಾದ ಝಾಕಿಯಾ ಬಾನೊ ಮತ್ತು ಶ್ರೀವಾಸ್ತವ ಅವರು 1962ರಲ್ಲಿ ಆ ಕೆಲಸ ಪ್ರಕಟಿಸಿದರು. ದನಕ್ಕೆ ಹಾಕುವ ಹುಲ್ಲಿನಿಂದ ಮನುಷ್ಯರ ಊಟ ತೆಗೆಯಬಹುದು ಎಂದು ತೋರಿಸಿದವರಲ್ಲಿ ಒಬ್ಬರು ಹೆಣ್ಣುಮಗಳು ಎಂಬುದು ನನಗೆ ಹೆಮ್ಮೆಯ ಸಂಗತಿ.

ಅಣಬೆಗೆ ಹಸಿರೆಲೆ ಇಲ್ಲ, ಬಿಸಿಲಿನಿಂದ ಆಹಾರ ತಯಾರಿಸಿಕೊಳ್ಳಲಾರದು. ಹುಲ್ಲು, ಮರ, ಹೊಟ್ಟುಗಳಲ್ಲಿರುವ ಗಟ್ಟಿ ನಾರನ್ನು ತಾನು ಸ್ರವಿಸುವ ಕಿಣ್ವಗಳಿಂದ ಕರಗಿಸಿ ಹೀರಿಕೊಳ್ಳುತ್ತದೆ. ಆದರೆ ಅದೇ ಹುಲ್ಲಿನಲ್ಲಿ ಬೂಷ್ಟು, ಬ್ಯಾಕ್ಟೀರಿಯಾಗಳೂ ಇರುತ್ತವೆ. ಅವು ಮುಂದಾದರೆ ಅಣಬೆ ಸೋತಂತೆಯೇ. ಆದ್ದರಿಂದ ಈ ಕೆಲಸದ ಮುಕ್ಕಾಲು ಪಾಲು ಶುಚಿಯೇ.

ಹೊಸ ಹುಲ್ಲು, ಮಳೆಯಲ್ಲಿ ನೆನೆಯದ ಹುಲ್ಲು ಆರಿಸಿಕೊಳ್ಳಬೇಕು. ಬಣವೆಯ ತಳದ ಕಪ್ಪು ಹುಲ್ಲು ಬೇಡ. ಎರಡು ಮೂರು ಅಂಗುಲದ ತುಂಡು ಮಾಡಿ, ಗೋಣಿಚೀಲಕ್ಕೆ ತುಂಬಿ, ರಾತ್ರಿ ಇಡೀ ತಣ್ಣೀರಿನಲ್ಲಿ ನೆನೆಹಾಕುತ್ತೇನೆ. ಬೆಳಿಗ್ಗೆ ನೀರು ಬಸಿದು, ಬಚ್ಚಲಿನ ದೊಡ್ಡ ಹಂಡೆಯ ಬಿಸಿನೀರಿನಲ್ಲಿ ಆ ಚೀಲವನ್ನು ಮುಳುಗಿಸುತ್ತೇನೆ. ನೀರು 80 ಡಿಗ್ರಿ ಆಸುಪಾಸಿನಲ್ಲಿ ಒಂದು ಗಂಟೆ ನಿಲ್ಲಬೇಕು. ಒಲೆಗೆ ಸಿಲ್ವರ್ ಓಕ್ ರೆಂಬೆ, ಕಿತ್ತ ಕಾಫಿ ಗಿಡದ ಬೊಡ್ಡೆ ಸಾಕಾಗುತ್ತದೆ. ಬಿಸಿನೀರಿನ ಬದಲು ಫಾರ್ಮಲಿನ್, ಶಿಲೀಂಧ್ರನಾಶಕ ಬೆರೆಸಿದ ನೀರಿನಲ್ಲಿ ನೆನೆಸುವ ಪದ್ಧತಿಯೂ ಇದೆ. ನಾನು ಅದಕ್ಕೆ ಕೈಹಾಕುವುದಿಲ್ಲ. ಮಕ್ಕಳು ತಿನ್ನುವ ಅಣಬೆ, ಆಮೇಲೆ ಗೊಬ್ಬರವಾಗುವ ಹುಲ್ಲು, ಎರಡಕ್ಕೂ ಬಿಸಿನೀರೇ ಸರಿ.

ಬಸಿದ ಹುಲ್ಲನ್ನು ತೊಳೆದ ಶೀಟಿನ ಮೇಲೆ ನೆರಳಲ್ಲಿ ಹರಡಬೇಕು. ಎಷ್ಟು ಆರಿರಬೇಕು ಎಂಬುದಕ್ಕೆ ಯಂತ್ರ ಬೇಡ. ಒಂದು ಹಿಡಿ ಹುಲ್ಲನ್ನು ಬಿಗಿಯಾಗಿ ಹಿಂಡಿದರೆ ಒಂದು ಹನಿಯೂ ತೊಟ್ಟಿಕ್ಕಬಾರದು, ಆದರೆ ಬಿಟ್ಟ ಮೇಲೆ ಅಂಗೈ ತಣ್ಣಗೆ ಒದ್ದೆಯಾಗಿರಬೇಕು. ಹನಿ ಬಿದ್ದರೆ ಚೀಲದೊಳಗೆ ಕೊಳೆಯುತ್ತದೆ. ಅಂಗೈ ಒಣಗಿದ್ದರೆ ಬೀಜ ಹಬ್ಬುವುದಿಲ್ಲ.

ಬೀಜ ಎಂದು ನಾವು ಕರೆಯುವ ಸ್ಪಾನ್, ಬೇಯಿಸಿದ ಜೋಳ ಅಥವಾ ಗೋಧಿ ಕಾಳಿನ ಮೇಲೆ ಪ್ರಯೋಗಾಲಯದಲ್ಲಿ ಬೆಳೆಸಿದ ಅಣಬೆಯ ಬಿಳಿ ಎಳೆಗಳು. ಹಾಲಿಗೆ ಹೆಪ್ಪು ಹಾಕಿದ ಹಾಗೆ ಇದು. ಹೆಪ್ಪು ಕೆಟ್ಟರೆ ಎಷ್ಟು ಒಳ್ಳೆಯ ಹಾಲಿದ್ದರೂ ಮೊಸರಾಗದು. ಕಾಳುಗಳು ಪೂರ್ತಿ ಬೆಳ್ಳಗಿರಬೇಕು, ಹಸಿರು ಕಪ್ಪು ಕಲೆ, ಹುಳಿ ವಾಸನೆ ಇರಬಾರದು. ಪಾಲಿಥೀನ್ ಚೀಲದಲ್ಲಿ ಒಂದು ಪದರ ಹುಲ್ಲು, ಅಂಚಿನ ಸುತ್ತ ಒಂದಿಷ್ಟು ಬೀಜ, ಮತ್ತೆ ಹುಲ್ಲು, ಹೀಗೆ ನಾಲ್ಕೈದು ಪದರ ಒತ್ತಿ ತುಂಬಿ ಬಾಯಿ ಕಟ್ಟಬೇಕು. ಹತ್ತು ಕೆಜಿ ಒದ್ದೆ ಹುಲ್ಲಿಗೆ 200ರಿಂದ 300 ಗ್ರಾಂ ಬೀಜ ಸಾಕು. ಗಾಳಿಯಾಡಲು ಸುತ್ತ ಹತ್ತು ಹನ್ನೆರಡು ತೂತು ಬೇಕು.

ಸುಣ್ಣ ಬಳಿದ, ಕಿಟಕಿಗೆ ಸಣ್ಣ ಕಣ್ಣಿನ ಬಲೆ ಹೊಡೆದ ಕತ್ತಲೆ ಕೋಣೆಯಲ್ಲಿ ಚೀಲಗಳು ಹದಿನೈದರಿಂದ ಇಪ್ಪತ್ತು ದಿನ ಇರುತ್ತವೆ. ಬಿಳಿ ಎಳೆ ಹುಲ್ಲನ್ನೆಲ್ಲ ಹೆಣೆದು ಚೀಲ ಗಟ್ಟಿಯಾದ ಮೇಲೆ ಬೆಳಕು, ಗಾಳಿ, ತೇವ ಮೂರನ್ನೂ ಕೊಡಬೇಕು. ನೆಲಕ್ಕೆ, ಗೋಡೆಗೆ, ತೂಗುಹಾಕಿದ ಗೋಣಿಗೆ ನೀರು ಚಿಮುಕಿಸಿದರೆ ಕೋಣೆಯ ತೇವಾಂಶ ಶೇಕಡ 80-85ಕ್ಕೆ ಬರುತ್ತದೆ. ನಮ್ಮ ಮಳೆಗಾಲದಲ್ಲಿ ಆ ಕೆಲಸವನ್ನು ಆಕಾಶವೇ ಮಾಡಿಬಿಡುತ್ತದೆ. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಮಾತ್ರ ದಿನಕ್ಕೆ ಮೂರು ನಾಲ್ಕು ಸಲ ಚಿಮುಕಿಸಬೇಕು.

ಮೂರು ನಾಲ್ಕು ದಿನಕ್ಕೆ ತೂತಿನ ಬಾಯಲ್ಲಿ ಸಣ್ಣ ತಲೆಗಳ ಗೊಂಚಲು ಏಳುತ್ತದೆ. ಬೆಳಿಗ್ಗೆ ನೋಡಿದ್ದು ಸಂಜೆಗೆ ಅಷ್ಟೇ ಇರುವುದಿಲ್ಲ. ತಲೆ ಅಗಲವಾಗಿ, ತೆಳುವಾಗಿ, ಒಂದರ ಮೇಲೊಂದು ಚಾಚಿಕೊಳ್ಳುತ್ತದೆ, ಅಡಿಯ ಮಡಿಕೆಗಳು ಕಾಂಡದವರೆಗೂ ಇಳಿದಿರುತ್ತವೆ. ಕೋಣೆಯಲ್ಲಿ ಗಾಳಿ ಸಾಲದಿದ್ದರೆ ಅಣಬೆಯೇ ಹೇಳಿಬಿಡುತ್ತದೆ: ಕಾಂಡ ಉದ್ದ, ತಲೆ ಚಿಕ್ಕದು. ಅಂಚು ಇನ್ನೂ ಕೆಳಮುಖ ಇರುವಾಗಲೇ, ಮೇಲಕ್ಕೆ ಮಡಿಚುವ ಮುನ್ನ, ಗೊಂಚಲನ್ನು ಬುಡದಲ್ಲಿ ಹಿಡಿದು ತಿರುಚಿ ಕೀಳಬೇಕು. ತಡವಾದರೆ ಬೀಜಕಣಗಳು ಪುಡಿಯಂತೆ ಉದುರುತ್ತವೆ. ಆ ಪುಡಿಯನ್ನು ದಿನವೂ ಉಸಿರಾಡಿದರೆ ಕೆಲವರಿಗೆ ಕೆಮ್ಮು, ಜ್ವರ, ಶ್ವಾಸಕೋಶದ ಅಲರ್ಜಿ ಬರುತ್ತದೆ. ಕೋಣೆಗೆ ಹೋಗುವಾಗ ಮಾಸ್ಕ್ ಹಾಕಿಕೊಳ್ಳುವುದನ್ನು ಮರೆಯಬಾರದು, ಅಸ್ತಮಾ ಇರುವವರು ಈ ಕೆಲಸಕ್ಕೆ ಇಳಿಯದಿರುವುದೇ ವಾಸಿ. ಒಂದೇ ಚೀಲದಲ್ಲಿ ವಾರ ಹತ್ತು ದಿನದ ಅಂತರದಲ್ಲಿ ಎರಡು ಮೂರು ಕೊಯ್ಲು ಸಿಗುತ್ತವೆ. ಒಂದು ಕೆಜಿ ಒಣಹುಲ್ಲಿಗೆ ಅರ್ಧದಿಂದ ಮುಕ್ಕಾಲು ಕೆಜಿ ಹಸಿ ಅಣಬೆ ನಿರೀಕ್ಷಿಸಬಹುದು. ಹಸಿರು ಬೂಷ್ಟು ಕಂಡ ಚೀಲವನ್ನು ಅಂದೇ ಹೊರಗೆ ಒಯ್ದು ಹೂಳಬೇಕು, ಕರುಣೆ ತೋರಿಸಿದರೆ ಪಕ್ಕದ ಚೀಲಕ್ಕೂ ಹಬ್ಬುತ್ತದೆ.

ನಮ್ಮ ಕಡೆ ಇನ್ನೊಂದು ಸಾಧ್ಯತೆಯೂ ಇದೆ. ಮೆಕ್ಸಿಕೋದಲ್ಲಿ ಪಲ್ಪರ್‌ನಿಂದ ಬರುವ ಕಾಫಿ ಹಣ್ಣಿನ ಸಿಪ್ಪೆಯ ಮೇಲೂ ಚಿಪ್ಪಣಬೆ ಬೆಳೆಯುತ್ತಾರೆ. ಕೆಫೀನ್, ಟ್ಯಾನಿನ್ ಇರುವ ಆ ಸಿಪ್ಪೆಯನ್ನು ದನಕ್ಕೆ ಹೆಚ್ಚು ಹಾಕುವ ಹಾಗಿಲ್ಲ, ಹಳ್ಳಕ್ಕೆ ಬಿಟ್ಟರೆ ನೀರು ಕೆಡುತ್ತದೆ. ಪ್ರತಿ ಸುಗ್ಗಿಯಲ್ಲೂ ರಾಶಿ ಬೀಳುವ ಇದನ್ನು ನಮ್ಮ ತೋಟಗಳೂ ಒರೆಗೆ ಹಚ್ಚಿ ನೋಡಬೇಕು.

ಇನ್ನು ಅಡುಗೆ. ಅಣಬೆಯನ್ನು ನೀರಿನಲ್ಲಿ ನೆನೆಹಾಕಬಾರದು, ಒಮ್ಮೆ ಜಾಲಿಸಿ ತೆಗೆದರೆ ಸಾಕು. ಚಾಕು ಬೇಡ, ಮಡಿಕೆಯ ಜಾಡಿನಲ್ಲೇ ಕೈಯಿಂದ ಸೀಳಬೇಕು. ಕಾದ ಬಾಣಲೆಗೆ ಎಣ್ಣೆಯಿಲ್ಲದೆ ಹಾಕಿದರೆ ನೀರು ಬಿಡುತ್ತದೆ, ಆ ನೀರು ಇಂಗಿದ ಮೇಲೆ ಎಣ್ಣೆ, ಈರುಳ್ಳಿ, ಬೆಳ್ಳುಳ್ಳಿ. ಹುರಿದ ಕೊತ್ತಂಬರಿ ಬೀಜ, ತೋಟದ ಕಾಳುಮೆಣಸು, ಚಕ್ಕೆ, ಕಾಯಿ ರುಬ್ಬಿ ಹಾಕಿದರೆ ಅಕ್ಕಿರೊಟ್ಟಿಗೂ ಕಡುಬಿಗೂ ಒಳ್ಳೆಯ ಸಾರು. ಗಟ್ಟಿ ಕಾಂಡವನ್ನು ಸಣ್ಣಗೆ ಹೆಚ್ಚಿ ಪಲ್ಯ ಮಾಡಬಹುದು. ಹಸಿಯಾಗಿ ಮಾತ್ರ ತಿನ್ನಬೇಡಿ. ಹೆಚ್ಚಾದದ್ದನ್ನು ಬಿಸಿಲಿಗೆ ಒಣಗಿಸಿಡಿ. ಹತ್ತು ಕೆಜಿ ಒಣಗಿದರೆ ಒಂದು ಕೆಜಿ ಉಳಿಯುತ್ತದೆ, ಆ ಬಿಸಿಲಿಗೆ ಅಣಬೆಯಲ್ಲಿ ಡಿ ಜೀವಸತ್ವವೂ ಹೆಚ್ಚುತ್ತದೆ. ಪುಡಿ ಮಾಡಿ ರೊಟ್ಟಿ ಹಿಟ್ಟಿಗೆ ಬೆರೆಸಬಹುದು.

ಆರೋಗ್ಯದ ವಿಷಯ ಅಳೆದು ತೂಗಿಯೇ ಹೇಳಬೇಕು. 100 ಗ್ರಾಂ ಹಸಿ ಚಿಪ್ಪಣಬೆಯಲ್ಲಿ ಸುಮಾರು 90 ಗ್ರಾಂ ನೀರೇ. ಮೂರು ಗ್ರಾಂ ಆಸುಪಾಸು ಪ್ರೋಟೀನ್, ಎರಡು ಗ್ರಾಂ ನಾರು, ಒಳ್ಳೆಯ ಪೊಟ್ಯಾಶಿಯಂ, ಬಿ ಗುಂಪಿನ ಜೀವಸತ್ವಗಳು, ಕೊಬ್ಬು ಬಹಳ ಕಡಿಮೆ. ಒಂದು ಕೋಳಿಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನ್ ಇರುತ್ತದೆ, ಹಾಗಾಗಿ ಅಣಬೆ ಮೊಟ್ಟೆಗೋ ಬೇಳೆಗೋ ಬದಲಿಯಲ್ಲ, ಜೊತೆಗಾರ. ಸಕ್ಕರೆ ಕಾಯಿಲೆಯವರೂ ತಿನ್ನಬಹುದಾದ ಊಟ. ಕೊಲೆಸ್ಟರಾಲ್ ಇಳಿಸುವ ಲೊವಾಸ್ಟಾಟಿನ್ ಎಂಬ ವಸ್ತು ಇದರಲ್ಲಿ ಇರುವುದು ನಿಜ, ಆದರೆ ಅದರ ಪ್ರಮಾಣ ಒಂದೇ ಸಮ ಇರುವುದಿಲ್ಲ. ಅಣಬೆ ತಿನ್ನುತ್ತೇನೆಂದು ಯಾರೂ ಡಾಕ್ಟರ್ ಕೊಟ್ಟ ಮಾತ್ರೆ ಬಿಡಬಾರದು. ಯೂರಿಕ್ ಆಮ್ಲ ಹೆಚ್ಚಿರುವವರು ಡಾಕ್ಟರನ್ನು ಕೇಳಿ ಹಿತಮಿತವಾಗಿ ತಿನ್ನಲಿ. ಕಾಡಿನ ಅಣಬೆಯ ವಿಷಯದಲ್ಲಿ ಬೆಳ್ಳಿ ಚಮಚ ಕಪ್ಪಾಗದಿದ್ದರೆ ವಿಷವಿಲ್ಲ ಎಂಬ ಮಾತನ್ನು ನಂಬಲೇಬೇಡಿ, ಅದಕ್ಕೆ ಆಧಾರವಿಲ್ಲ. ಗುರುತಿಲ್ಲದ ಅಣಬೆಯನ್ನು ಮುಟ್ಟದಿರುವುದೇ ಸರಿ.

ಶುರು ಮಾಡುವವರಿಗೆ ನನ್ನ ಮಾತು ಇಷ್ಟೇ: ಮೊದಲು ಮನೆಯ ಊಟಕ್ಕೆ ಬೆಳೆಯಿರಿ. ಕಿತ್ತ ಅಣಬೆ ಫ್ರಿಜ್ಜಿನಲ್ಲಿಟ್ಟರೂ ನಾಲ್ಕೈದು ದಿನ ಬಾಳಿದರೆ ಹೆಚ್ಚು. ಕೊಳ್ಳುವವರು ಗೊತ್ತಾಗದೆ ನೂರು ಚೀಲ ಕಟ್ಟಿದರೆ ನಷ್ಟವೇ. ಹತ್ತು ಚೀಲದಿಂದ ಆರಂಭಿಸಿ, ನಿಮ್ಮ ಮಹಿಳಾ ಸಂಘದ ಹತ್ತು ಮನೆಗೆ ರುಚಿ ತೋರಿಸಿ, ಆಮೇಲೆ ಬೇಲೂರಿನ ಅಂಗಡಿ, ಹೋಂಸ್ಟೇಗಳನ್ನು ಕೇಳಿ. ತರಬೇತಿಗೆ ಹಾಸನದ ಕಂದಲಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಬೀಜಕ್ಕೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ವಿಚಾರಿಸಿ. ಬೀಜ ಕೇಳಿದ ದಿನವೇ ಸಿಗುವ ವಸ್ತುವಲ್ಲ, ಮುಂಚಿತವಾಗಿ ಹೇಳಿಡಬೇಕು. ಬೀಜ ಕೈಗೆ ಬರುವ ದಿನ ಗೊತ್ತಾದ ಮೇಲೆಯೇ ಹುಲ್ಲು ನೆನೆಹಾಕಿ.