ರೇಡಿಯೋ ಹೊಸದು, ಬ್ಯಾಟರಿ ಹಳೆಯದು

ತಿಂಗಳುಗಟ್ಟಲೆ ಬಾಲ್ಸಾ ಮರ ಕೊಯ್ದು, ಅಂಟಿಸಿ, ಬಣ್ಣ ಬಳಿದು ಕಟ್ಟಿದ ಮಾದರಿ ವಿಮಾನವನ್ನು ನೆಲಕ್ಕೆ ಕೆಡವಲು ಹಿಂದೆ ಯಾರ ದ್ವೇಷವೂ ಬೇಕಿರಲಿಲ್ಲ. ಪಕ್ಕದಲ್ಲಿ ನಿಂತವನು ಅದೇ ಚಾನೆಲಿನ ಟ್ರಾನ್ಸ್‌ಮಿಟರಿನ ಸ್ವಿಚ್ಚು ಒತ್ತಿದರೆ ಸಾಕಿತ್ತು! ಅಮೇರಿಕದಲ್ಲಿ ಇಂಥ ವಿಮಾನಗಳಿಗೆ 72 ಮೆಗಾಹರ್ಟ್ಸ್ ಪಟ್ಟಿಯಲ್ಲಿ 50 ಚಾನೆಲುಗಳನ್ನು ಕೊಟ್ಟಿದ್ದರು. ಮೈದಾನದ ಹಲಗೆಯಿಂದ ತನ್ನ ಚಾನೆಲಿನ ಕ್ಲಿಪ್ಪು ತೆಗೆದುಕೊಂಡವನಿಗೆ ಮಾತ್ರ ಹಾರಿಸುವ ಹಕ್ಕು. ಆ ಚಾನೆಲಿನ ಉಳಿದವರು ನಮ್ಮ ಬಾವಿಕಟ್ಟೆಯ ಕೊಡಗಳಂತೆ ಸರದಿ ಕಾಯಬೇಕು.

2005ರಲ್ಲಿ ಸ್ಪೆಕ್ಟ್ರಮ್‌ನವರ ಡಿಎಕ್ಸ್6, ಮರುವರ್ಷ ಡಿಎಕ್ಸ್7 ಬಂದುವು. ಇವು 2.4 ಗಿಗಾಹರ್ಟ್ಸ್‌ನವು. ಟ್ರಾನ್ಸ್‌ಮಿಟರು ಬಿಡುವಿರುವ ಚಾನೆಲನ್ನು ತಾನೇ ಹುಡುಕಿಕೊಳ್ಳುತ್ತದೆ. ರಿಸೀವರಾದರೋ, ಮೊದಲೇ ಪರಿಚಯಿಸಿಟ್ಟ ಯಜಮಾನನ ಗುರುತುಸಂಖ್ಯೆ ಕಂಡರಷ್ಟೇ ಮಾತು ಕೇಳುತ್ತದೆ. ಮೀಟರುದ್ದದ ಆಂಟೆನಾ ಹೋಗಿ ಮೂರು ಸೆಂಟಿಮೀಟರಿನ ತಂತಿ ಬಂತು. ಸರದಿಯೂ ಮುಗಿಯಿತು.

ವಿಮಾನ ಬೀಳುವುದು ಮಾತ್ರ ನಿಲ್ಲಲಿಲ್ಲ. ಕೈಯಲ್ಲಿನ ಪೆಟ್ಟಿಗೆಯನ್ನೂ ರಿಸೀವರನ್ನೂ ಬದಲಿಸಿದವರು ಬ್ಯಾಟರಿಯ ಗೋಜಿಗೆ ಹೋಗಲಿಲ್ಲವೆಂಬುದೇ ಹಲವೆಡೆ ಕಾರಣ. ಹೊಸ ರಿಸೀವರೆಂದರೆ ಪುಟ್ಟ ಕಂಪ್ಯೂಟರು. ಸರ್ವೊಗಳೆಲ್ಲ ಒಮ್ಮೆಲೇ ಎಳೆದಾಗ 4.8 ವೋಲ್ಟಿನ ದಣಿದ ಬ್ಯಾಟರಿ ಕುಸಿದರೆ ಅದು ಆರಿಹೋಗಿ, ಮತ್ತೆ ಮೊದಲಿನಿಂದ ಎದ್ದು ಯಜಮಾನನನ್ನು ಹುಡುಕಬೇಕು. ಆರಂಭದ ಕೆಲವು ರಿಸೀವರುಗಳಿಗೆ ಇದಕ್ಕೆ ಹಲವು ಸೆಕೆಂಡುಗಳೇ ಬೇಕಾಗುತ್ತಿದ್ದುವು. ಅಷ್ಟರಲ್ಲಿ ವಿಮಾನ ಎಲ್ಲಿರುತ್ತದೆ? ಬೈಗುಳವೆಲ್ಲ ರೇಡಿಯೋಕ್ಕೆ!

ಕಾರ್ಬನ್ ನಾರಿನ ಒಡಲಿನವರಿಗೆ ಇನ್ನೊಂದು ತೊಡಕು: ಆ ನಾರು 2.4ರ ಅಲೆಗಳನ್ನು ತಡೆಯುತ್ತದೆ, ತಂತಿಯ ತುದಿ ಹೊರಗಿರಬೇಕು. ಹಳೆಯ ಸೆಟ್ಟು ಬಿಡುವ ಯೋಚನೆಯವರು ಮೊದಲು ಬ್ಯಾಟರಿಗೇ ದುಡ್ಡು ತೆಗೆದಿಡುವುದು ಒಳ್ಳೆಯದೆಂದು ನಮಗೆ ತೋರುತ್ತದೆ.