ಕೂಲಿ ಮಾಡುವ ಕೈಗೆ ಕಸುಬು, ತಲೆಯ ಮೇಲೆ ಸ್ವಂತ ಸೂರು



ಸಂಘದ ಸಭೆಗಳಿಗೆ ನಾವು ಬಂದಾಗ ಹೆಚ್ಚಾಗಿ ಕೇಳುವ ಮಾತು ಒಂದೇ: "ಸಿಸ್ಟರ್, ಆಶ್ರಯ ಮನೆ ಯಾವಾಗ ಬರುತ್ತೆ?" ಅದೇ ಸಭೆಯಲ್ಲಿ ತರಬೇತಿಯ ಮಾತು ಎತ್ತಿದರೆ ಮಾತ್ರ ಎಲ್ಲರೂ ಸುಮ್ಮನಾಗುತ್ತಾರೆ. ಮನೆ ಬೇಕು, ತರಬೇತಿ ಬೇಡ. ಕಾರಣ ನಮಗೂ ಗೊತ್ತು. ಹತ್ತು ದಿನ ಕೂಲಿಗೆ ಹೋಗದಿದ್ದರೆ ಅಕ್ಕಿ, ಸಾಂಬಾರಿಗೆ ಎಲ್ಲಿಂದ ತರೋದು?

ಆದರೆ ಇವೆರಡೂ ಬೇರೆ ಬೇರೆ ವಿಷಯ ಅಲ್ಲ. ಕೊಡಗು, ಚಿಕ್ಕಮಗಳೂರು ಕಡೆಯ ತೋಟಗಳಲ್ಲಿ ಲೈನ್ ಮನೆಯಲ್ಲಿ ಇರುವವರನ್ನು ಕೇಳಿ ನೋಡಿ. ಮನೆ ಮಾಲೀಕರದ್ದು. ಕೆಲಸ ಬಿಟ್ಟರೆ ಮನೆಯೂ ಬಿಡಬೇಕು. ಹಾಗಿರುವಾಗ ಕೂಲಿ ಕಡಿಮೆ ಆಯ್ತು ಅಂತ ಬಾಯಿ ಬಿಡುವುದು ಹೇಗೆ? ಬಯಲುಸೀಮೆಯಲ್ಲಿ ಜಮೀನುದಾರರ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡವರದ್ದೂ ಇದೇ ಕಥೆ. ಸ್ವಂತ ಮನೆ ಇದ್ದವಳು ಕೂಲಿಗೆ ಚೌಕಾಸಿ ಮಾಡುತ್ತಾಳೆ. ಕಸುಬು ಗೊತ್ತಿದ್ದವಳು ಕೂಲಿ ಇಲ್ಲದ ತಿಂಗಳಲ್ಲೂ ನಾಲ್ಕು ಕಾಸು ನೋಡುತ್ತಾಳೆ.

ಮೊದಲು ಮನೆಯ ವಿಷಯ. 1985ರಲ್ಲಿ ಶುರುವಾದ ಇಂದಿರಾ ಆವಾಸ್ ಯೋಜನೆಯ ಜಾಗಕ್ಕೆ 2016ರಲ್ಲಿ ಪ್ರಧಾನ ಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಬಂತು. ಬಯಲು ಪ್ರದೇಶದಲ್ಲಿ ಮನೆಗೆ 1,20,000 ರೂಪಾಯಿ ನೆರವು. ಇದು ಸಾಲ ಅಲ್ಲ, ತಿರುಗಿ ಕಟ್ಟಬೇಕಿಲ್ಲ. ಶೌಚಾಲಯಕ್ಕೆ ಸ್ವಚ್ಛ ಭಾರತ್‌ನಿಂದ 12,000 ರೂಪಾಯಿ ಸೇರಿಸಿಕೊಡುವ ಏರ್ಪಾಡೂ ಇದರಲ್ಲಿದೆ. ಇದರ ಜೊತೆಗೆ, ಮನೆ ಕಟ್ಟುವ ಕೆಲಸಕ್ಕೆ ಉದ್ಯೋಗ ಖಾತರಿಯಿಂದ 90 ದಿನದ ಕೂಲಿ ಕೊಡುವ ಪದ್ಧತಿ ಇತ್ತು. 2005ರ ಆ ಕಾಯ್ದೆಯ ಬದಲಿಗೆ ಸಂಸತ್ತು 2025ರ ಡಿಸೆಂಬರ್‌ನಲ್ಲಿ ಹೊಸ ಕಾಯ್ದೆ ಮಾಡಿದೆ. ಹಾಗಾಗಿ ನಿಮ್ಮ ಕೂಲಿ ದಿನಗಳು ಯಾವ ಲೆಕ್ಕದಲ್ಲಿ ಬರುತ್ತವೆ ಅಂತ ಪಿಡಿಒ ಅವರನ್ನೇ ಕೇಳಿ, ತಳಪಾಯ ತೆಗೆಯುವ ಮೊದಲೇ ಕೇಳಿ.

2024ರಲ್ಲಿ ಕೇಂದ್ರ ಸರ್ಕಾರ ಇನ್ನೂ 2 ಕೋಟಿ ಮನೆಗಳಿಗೆ ಒಪ್ಪಿಗೆ ಕೊಟ್ಟಿತು, 2028–29ರ ತನಕ. ಆಗ ಕೆಲವು ನಿಯಮಗಳೂ ಸಡಿಲವಾದವು. ಮನೆಯಲ್ಲಿ ಬೈಕು ಅಥವಾ ಫ್ರಿಜ್ ಇದ್ದರೆ ಹೆಸರು ತೆಗೆಯುತ್ತಿದ್ದ ನಿಯಮ ಈಗ ಇಲ್ಲ. ಮನೆಯವರೊಬ್ಬರ ಸಂಪಾದನೆಯ ಮಿತಿ ತಿಂಗಳಿಗೆ 10,000 ಇದ್ದದ್ದು 15,000 ಆಗಿದೆ. "ಬೈಕ್ ಇದೆ, ನಮಗೆ ಬರಲ್ಲ" ಅಂತ ಅರ್ಜಿಯನ್ನೇ ಹಾಕದೆ ಕುಳಿತವರು ಇದನ್ನು ಗಮನಿಸಬೇಕು.

ರಾಜ್ಯ ಸರ್ಕಾರದ್ದು ಬೇರೆ. ಬಸವ ವಸತಿ ಇದೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಇದೆ. ವಿಧವೆಯರು, ಅಂಗವಿಕಲರು, ಮಾಜಿ ದೇವದಾಸಿಯರು ಮುಂತಾದವರಿಗೆ ದೇವರಾಜ ಅರಸು ವಸತಿ ಯೋಜನೆ. ಇವನ್ನೆಲ್ಲ ನೋಡಿಕೊಳ್ಳುವುದು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ. ಯಾವ ಯೋಜನೆಯಾದರೂ ದಾರಿ ಒಂದೇ, ಅದು ಗ್ರಾಮಸಭೆ. ಫಲಾನುಭವಿಗಳ ಆಯ್ಕೆ ಅಲ್ಲೇ ಆಗಬೇಕು, ಸದಸ್ಯರ ಮನೆಯ ಜಗುಲಿಯಲ್ಲಿ ಅಲ್ಲ. ಗ್ರಾಮಸಭೆಗೆ ಒಬ್ಬೊಬ್ಬರೇ ಹೋದರೆ ಹಿಂದೆ ನಿಂತು ವಾಪಸ್ ಬರುತ್ತೀರಿ. ಸಂಘದವರೆಲ್ಲ ಒಟ್ಟಿಗೆ ಹೋಗಿ, ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪಟ್ಟಿಯನ್ನು ಗಟ್ಟಿಯಾಗಿ ಓದಲು ಹೇಳಿ.

ಲೈನ್ ಮನೆಯಲ್ಲಿ ಇರುವವರಿಗೆ ಒಂದು ಎಚ್ಚರಿಕೆ. ಸಮೀಕ್ಷೆಗೆ ಬಂದವರು "ಪಕ್ಕಾ ಮನೆ ಇದೆಯಾ?" ಅಂದರೆ ನಾವು ಇರುವ ಗೋಡೆ, ಹೆಂಚು ನೋಡಿ "ಹೂಂ" ಅಂದುಬಿಡುತ್ತೇವೆ. ಅಲ್ಲಿಗೆ ಹೆಸರು ಹೋಯ್ತು. "ಇದು ತೋಟದ ಮಾಲೀಕರ ಮನೆ, ನಮ್ಮ ಹೆಸರಲ್ಲಿ ಎಲ್ಲೂ ಮನೆ ಇಲ್ಲ" ಅಂತ ಸ್ಪಷ್ಟವಾಗಿ ಹೇಳಿ ಬರೆಸಬೇಕು. ಹೆಸರು ಬಿಟ್ಟುಹೋದರೆ ಲಿಖಿತ ಆಕ್ಷೇಪಣೆ ಕೊಡಿ.

ನಿವೇಶನವೇ ಇಲ್ಲದವರ ಪಾಡು ಇನ್ನೂ ಕಷ್ಟ. ಜಾಗದ ಕಾಗದ ಇಲ್ಲದೆ ಮನೆ ಮಂಜೂರಾಗುವುದಿಲ್ಲ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡಿದ್ದರೆ ಭೂ ಕಂದಾಯ ಕಾಯ್ದೆಯ 94ಸಿ ಕಲಂನಲ್ಲಿ ನಿಮ್ಮ ಪ್ರಕರಣ ಬರುತ್ತದೆಯೇ ಎಂದು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ತಾಂಡಾ, ಹಟ್ಟಿ, ಹಾಡಿ, ಕ್ಯಾಂಪ್, ಕಾಲೋನಿಗಳಂಥ ದಾಖಲೆ ಇಲ್ಲದ ಜನವಸತಿಗಳಿಗಾಗಿ ಭೂ ಸುಧಾರಣಾ ಕಾಯ್ದೆಗೆ 2017ರಲ್ಲಿ 38ಎ ಕಲಂ ಬಂತು. "ವಾಸಿಸುವವನೇ ಮನೆಯೊಡೆಯ" ಅಂತ ಹೇಳುತ್ತಿದ್ದದ್ದು ಇದನ್ನೇ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಲಂಬಾಣಿ ತಾಂಡಾಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ಅದು ಸುಮ್ಮನೆ ಬಂದದ್ದಲ್ಲ, ಜನ ಬಹಳ ವರ್ಷ ಕೇಳಿ ಕೇಳಿ ಬಂದದ್ದು.

ಮನೆ ಮಂಜೂರಾದ ಮೇಲೆ ಆಗುವ ದೊಡ್ಡ ತೊಂದರೆ ಏನೆಂದರೆ, ದೊಡ್ಡದಾಗಿ ತಳಪಾಯ ಹಾಕಿಬಿಡುವುದು. ಅಡುಗೆ ಜಾಗ ಸೇರಿ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ ಇದ್ದರೆ ಸಾಕು. ಅಣ್ಣನ ಮನೆಯಷ್ಟೇ ದೊಡ್ಡದು ಬೇಕೆಂದು ಹೊರಟರೆ ಲಿಂಟಲ್‌ಗೆ ಹಣ ಮುಗಿಯುತ್ತದೆ, ಆಮೇಲೆ ವಾರದ ಸಾಲದವರು ಬಾಗಿಲಿಗೆ ಬರುತ್ತಾರೆ. ಹಣ ಕಂತಿನಲ್ಲಿ ಬರುತ್ತದೆ: ತಳಪಾಯ, ಗೋಡೆ, ಛಾವಣಿ, ಹೀಗೆ ಒಂದೊಂದು ಹಂತಕ್ಕೂ ಜಿಪಿಎಸ್ ಫೋಟೋ ತೆಗೆದ ಮೇಲೆ. ಫೋಟೋ ತೆಗೆಯುವವರಿಗೆ ಕಾಫಿ ಕೊಡಿ, ಕಾಸು ಕೊಡಬೇಡಿ. ಪಿಎಂ ಆವಾಸ್ ಮನೆಯನ್ನು ಗುತ್ತಿಗೆದಾರರ ಕೈಗೆ ಕೊಡುವಂತಿಲ್ಲ, ನೀವೇ ನಿಂತು ಕಟ್ಟಿಸಬೇಕು. ಮಂಜೂರಾತಿ ಹೆಂಗಸಿನ ಹೆಸರಲ್ಲಿ ಅಥವಾ ಗಂಡ ಹೆಂಡತಿ ಇಬ್ಬರ ಹೆಸರಲ್ಲಿ ಇರಲಿ.

ಇನ್ನು ತರಬೇತಿ. 1982ರಲ್ಲಿ ಉಜಿರೆಯಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆ ಸೇರಿ ರುಡ್‌ಸೆಟ್ ಸಂಸ್ಥೆ ಶುರು ಮಾಡಿದರು. ಅದನ್ನೇ ಮಾದರಿಯಾಗಿ ಇಟ್ಟುಕೊಂಡು ಇಡೀ ದೇಶದಲ್ಲಿ ಆರ್‌ಸೆಟಿ ಕೇಂದ್ರಗಳು ಬಂದವು. ತರಬೇತಿ, ಊಟ, ವಸತಿ ಎಲ್ಲ ಉಚಿತ. ಹೈನುಗಾರಿಕೆ, ಆಡು ಕುರಿ ಸಾಕಣೆ, ಅಣಬೆ ಇವೆಲ್ಲ ಸುಮಾರು 10 ದಿನದ್ದು, ಹೊಲಿಗೆ ಒಂದು ತಿಂಗಳದ್ದು. ಮುಗಿದ ಮೇಲೆ ಬ್ಯಾಂಕ್ ಸಾಲಕ್ಕೂ ದಾರಿ ತೋರಿಸುತ್ತಾರೆ, ಎರಡು ವರ್ಷ ವಿಚಾರಿಸಿಕೊಳ್ಳುತ್ತಾರೆ. ಮನೆಯ ಹುಡುಗ ಹುಡುಗಿಯರಿಗೆ ಸಂಬಳದ ಕೆಲಸ ಬೇಕಾದರೆ ದೀನ್ ದಯಾಳ್ ಗ್ರಾಮೀಣ ಕೌಶಲ್ಯ ಯೋಜನೆ ಇದೆ. ವಯಸ್ಸು 15ರಿಂದ 35, ಹೆಣ್ಣುಮಕ್ಕಳಿಗೆ 45ರ ತನಕ.

ನಮ್ಮ ಅಭಿಪ್ರಾಯ ಕೇಳಿದರೆ, ಎಲ್ಲರೂ ಹೊಲಿಗೆಗೆ ಹೋಗುವುದು ಬೇಡ. ಒಂದೇ ಊರಲ್ಲಿ ಹತ್ತು ಮಿಷನ್ ಆದರೆ ಹೊಲಿಸಿಕೊಳ್ಳುವವರು ಯಾರು? ಆಡು ಸಾಕಣೆ ಕೂಲಿ ಕೆಲಸದ ಜೊತೆಗೇ ನಡೆಯುತ್ತದೆ, ಮೇಯಿಸಲು ಜಾಗ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ.

ಕೂಲಿ ನಷ್ಟದ ಪ್ರಶ್ನೆಗೆ ಸಂಘದಲ್ಲೇ ಉತ್ತರ ಇದೆ. ಕೊಯ್ಲು, ನಾಟಿ ಇಲ್ಲದ ದಿನಗಳಲ್ಲಿ ನಡೆಯುವ ತರಬೇತಿಗೆ ಇಬ್ಬಿಬ್ಬರನ್ನು ಒಟ್ಟಿಗೆ ಕಳಿಸಿ. ಅವರ ಮನೆಯ ದಿನಸಿಗೆ ಆಗುವಷ್ಟು ಸಣ್ಣ ಆಂತರಿಕ ಸಾಲ ಕೊಡಿ, ಮರುಪಾವತಿ ಎರಡು ಮೂರು ತಿಂಗಳ ನಂತರ ಶುರುವಾಗಲಿ. ಮಕ್ಕಳನ್ನು ಯಾರು ನೋಡಿಕೊಳ್ಳುವುದು ಅಂತಲೂ ಸಭೆಯಲ್ಲೇ ತೀರ್ಮಾನಿಸಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ.

ಮನೆಗಾಗಲಿ ತರಬೇತಿಗಾಗಲಿ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಕೇಳುತ್ತಾರೆ. ಮೂರರಲ್ಲೂ ಹೆಸರು ಒಂದೇ ರೀತಿ ಇದೆಯಾ ನೋಡಿ. ಒಂದರಲ್ಲಿ ತವರಿನ ಹೆಸರು, ಇನ್ನೊಂದರಲ್ಲಿ ಗಂಡನ ಹೆಸರು ಇದ್ದರೆ ಕಂತು ನಿಂತುಬಿಡಬಹುದು. ಬಹಳ ದಿನ ಮುಟ್ಟದ ಖಾತೆ ಇದ್ದರೆ ನೂರು ರೂಪಾಯಿ ಹಾಕಿ ಚಾಲ್ತಿ ಮಾಡಿಸಿ. ಮುಂದಿನ ಸಭೆಗೆ ಈ ಮೂರು ಕಾಗದಗಳನ್ನೂ ತನ್ನಿ, ಒಟ್ಟಿಗೆ ಕುಳಿತು ನೋಡೋಣ.